ವೆಸ್ಟ್‌ಮಿನ್‌ಸ್ಟರ್‌ಗೆ ಎದುರಾಗಿ ಬಿದ್ದ ಮತಗಳು: ಗ್ರೇಟರ್ ಲಂಡನ್ ಕೌನ್ಸಿಲ್ಲಿನ ಆರು ಚುನಾವಣೆಗಳು

ನಮಸ್ಕಾರ. 1965ರ ಏಪ್ರಿಲ್ 1ರಿಂದ 1986ರ ಮಾರ್ಚ್ 31ರವರೆಗೆ ಲಂಡನ್ ಮಹಾನಗರದ ಆಡಳಿತ ನೋಡಿಕೊಂಡ ಗ್ರೇಟರ್ ಲಂಡನ್ ಕೌನ್ಸಿಲ್, ಅಂದರೆ ಜಿಎಲ್‌ಸಿ, ತನ್ನ ಆಯುಷ್ಯದಲ್ಲಿ ಆರು ಸಾರ್ವತ್ರಿಕ ಚುನಾವಣೆಗಳನ್ನು ಕಂಡಿತು. 1964, 1967, 1970, 1973, 1977, 1981. ಈ ಆರರ ಫಲಿತಾಂಶಗಳನ್ನು ಸಾಲಾಗಿ ಇಟ್ಟು ನೋಡಿದರೆ, ಮತದಾನದ ದಿನ ವೆಸ್ಟ್‌ಮಿನ್‌ಸ್ಟರ್‌ನ ಸಂಸತ್ತಿನಿಂದ ದೇಶವನ್ನು ಯಾವ ಪಕ್ಷ ಆಳುತ್ತಿತ್ತೋ ಆ ಪಕ್ಷವೇ ಪ್ರತಿ ಬಾರಿಯೂ ಲಂಡನ್ನಿನಲ್ಲಿ ಸೋತಿರುವುದು ಕಾಣುತ್ತದೆ. ಒಮ್ಮೆಯೂ ಇದು ತಪ್ಪಿಲ್ಲ. ಜಿಎಲ್‌ಸಿಯ ಕಥೆಯನ್ನು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮತ್ತು ಕೌನ್ಸಿಲ್ಲಿನ ಕೊನೆಯ ನಾಯಕ ಕೆನ್ ಲಿವಿಂಗ್‌ಸ್ಟನ್ ಎಂಬ ಇಬ್ಬರು ಹಟಮಾರಿಗಳ ಜಗಳವೆಂದು ಹೇಳುವ ವಾಡಿಕೆಯಿದೆ. ಆ ಜಗಳ ನಡೆದದ್ದು ನಿಜವಾದರೂ, ಲಿವಿಂಗ್‌ಸ್ಟನ್ ನಾಯಕರಾಗುವುದಕ್ಕೆ ಹದಿನೇಳು ವರ್ಷ ಮೊದಲೇ ಈ ಕೌನ್ಸಿಲ್ ಆಳುವ ಸರ್ಕಾರಕ್ಕೆ ಬಿಸಿ ಮುಟ್ಟಿಸುವ ಸಾಧನವಾಗಿತ್ತು ಎಂಬುದು ನನ್ನ ವಾದ. ಹಾಗೆಯೇ, ಸಂಸತ್ತು ಅದನ್ನು ರದ್ದುಪಡಿಸಿದ್ದಕ್ಕಿಂತ ದೊಡ್ಡ ತಪ್ಪೆಂದರೆ ಅದರ ಏಳನೆಯ ಚುನಾವಣೆಯನ್ನು ರದ್ದುಪಡಿಸಿದ್ದು ಎಂದೂ ನಾನು ಹೇಳಬಯಸುತ್ತೇನೆ.

ಮೊದಲು ಹುಟ್ಟಿನ ವಿಚಾರ. ಜಿಎಲ್‌ಸಿಗಿಂತ ಮುಂಚೆ ಒಳ ಲಂಡನ್ನಿಗೆ 1889ರಲ್ಲಿ ಆರಂಭವಾದ ಲಂಡನ್ ಕೌಂಟಿ ಕೌನ್ಸಿಲ್ ಇತ್ತು. 1934ರಲ್ಲಿ ಹರ್ಬರ್ಟ್ ಮಾರಿಸನ್ ಅದನ್ನು ಲೇಬರ್ ಪಕ್ಷಕ್ಕೆ ಗೆದ್ದುಕೊಟ್ಟ ಮೇಲೆ ಮೂರು ದಶಕಗಳ ಕಾಲ ಕನ್ಸರ್ವೇಟಿವರಿಗೆ ಅಲ್ಲಿ ಅಧಿಕಾರ ದಕ್ಕಲಿಲ್ಲ. ನಗರವು ತನ್ನ ಹಳೆಯ ಗಡಿಯನ್ನು ಮೀರಿ ಬೆಳೆದಿದ್ದರಿಂದ ಹೊಸ ವ್ಯವಸ್ಥೆ ಬೇಕೆಂಬ ಮಾತಿನಲ್ಲಿ ಹುರುಳಿತ್ತು, ರಾಯಲ್ ಕಮಿಷನ್ ಒಂದು ಅದನ್ನೇ ಶಿಫಾರಸು ಮಾಡಿಯೂ ಇತ್ತು. ಆದರೆ 1963ರ ಕಾಯ್ದೆಯ ಮೂಲಕ ಮಿಡ್ಲ್‌ಸೆಕ್ಸ್‌ನ ಬಹುಭಾಗವನ್ನೂ, ಸರ್ರಿ, ಕೆಂಟ್, ಎಸೆಕ್ಸ್‌ಗಳ ಹೊರವಲಯಗಳನ್ನೂ ಸೇರಿಸಿ ಗಡಿಯನ್ನು ಹಿಗ್ಗಿಸಿದ ಕನ್ಸರ್ವೇಟಿವ್ ಸರ್ಕಾರಕ್ಕೆ, ಆ ಬಡಾವಣೆಗಳ ಮತಗಳು ತನ್ನ ಕಡೆಗೆ ಬಂದಾವೆಂಬ ಲೆಕ್ಕಾಚಾರವೇ ಇರಲಿಲ್ಲವೆಂದು ನಂಬುವುದು ಕಷ್ಟ. ವಿಚಿತ್ರವೆಂದರೆ, ತಮ್ಮನ್ನು ಲಂಡನ್ನಿಗೆ ಸೇರಿಸಬೇಡಿರೆಂದು ಹಟ ಹಿಡಿದವರಲ್ಲಿ ಆ ಪಕ್ಷದ ಹೊರವಲಯದ ಬೆಂಬಲಿಗರೇ ಹೆಚ್ಚು. ಎಪ್ಸಮ್‌ನಂಥ ಊರುಗಳು ಕೊನೆಗೂ ಹೊರಗೇ ಉಳಿದವು.

ಲೆಕ್ಕಾಚಾರ ಮೊದಲ ದಿನವೇ ಕೈಕೊಟ್ಟಿತು. ಕೌನ್ಸಿಲ್ ಅಧಿಕಾರ ವಹಿಸಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, 1964ರ ಏಪ್ರಿಲ್ 9ರಂದು ನಡೆದ ಚುನಾವಣೆಯಲ್ಲಿ ನೂರು ಸ್ಥಾನಗಳ ಪೈಕಿ ಲೇಬರ್ 64ನ್ನೂ ಕನ್ಸರ್ವೇಟಿವ್ 36ನ್ನೂ ಗೆದ್ದವು. ಹದಿಮೂರು ವರ್ಷ ದೇಶವಾಳಿ ದಣಿದಿದ್ದ ಸರ್ಕಾರದ ಮೇಲಿನ ಬೇಸರ ಅಲ್ಲಿ ಕೆಲಸ ಮಾಡಿತ್ತು. ಮೂರೇ ವರ್ಷದಲ್ಲಿ ಚಿತ್ರ ತಿರುಗಿತು. ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರ್ಕಾರ ವೇತನ ಏರಿಕೆಗೆ ತಡೆ ಹಾಕಿ ಜನರ ಸಿಟ್ಟಿಗೆ ಗುರಿಯಾಗಿದ್ದ 1967ರಲ್ಲಿ, ಕನ್ಸರ್ವೇಟಿವ್ ಪಕ್ಷ 82 ಸ್ಥಾನ ಗೆದ್ದು ಲೇಬರ್ ಪಕ್ಷವನ್ನು 18ಕ್ಕೆ ಇಳಿಸಿತು. ಈ 82 ಎಂಬ ಅಂಕಿಯನ್ನು ಕಂಡು ಬೆರಗಾಗುವ ಮೊದಲು ಆಗಿನ ಮತದಾನದ ಪದ್ಧತಿಯನ್ನು ಗಮನಿಸಬೇಕು. ಲಂಡನ್ನಿನ ಮೂವತ್ತೆರಡು ಬರೋಗಳಲ್ಲಿ, ಅಂದರೆ ಸ್ಥಳೀಯ ಆಡಳಿತದ ವಿಭಾಗಗಳಲ್ಲಿ, ಪ್ರತಿಯೊಂದೂ ಎರಡರಿಂದ ನಾಲ್ಕು ಸದಸ್ಯರನ್ನು ಆರಿಸುವ ಒಂದೇ ಕ್ಷೇತ್ರವಾಗಿತ್ತು. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಜನ ಪಕ್ಷ ನೋಡಿ ಮತ ಹಾಕುವವರಾದ್ದರಿಂದ, ಬರೋದಲ್ಲಿ ಕೂದಲೆಳೆಯ ಅಂತರದಿಂದ ಮುಂದಿದ್ದ ಪಕ್ಷಕ್ಕೂ ಅಲ್ಲಿನ ಎಲ್ಲ ಸ್ಥಾನಗಳು ಇಡಿಯಾಗಿ ಸಿಗುತ್ತಿದ್ದವು. ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಡೆದವರು ಐದರಲ್ಲಿ ನಾಲ್ಕಕ್ಕೂ ಮೀರಿ ಸ್ಥಾನಗಳನ್ನು ಬಾಚಿಕೊಂಡದ್ದು ಹೀಗೆ.

1970ರಲ್ಲಿ ಡೆಸ್ಮಂಡ್ ಪ್ಲಮರ್ ನಾಯಕತ್ವದ ಕನ್ಸರ್ವೇಟಿವರು 65 ಸ್ಥಾನಗಳೊಂದಿಗೆ ಅಧಿಕಾರ ಉಳಿಸಿಕೊಂಡರು. ಆ ಚುನಾವಣೆಯ ನಿಜವಾದ ಸ್ವಾರಸ್ಯ ಸೋತವರಲ್ಲಿತ್ತು. ನಗರದೊಳಗೆ ವರ್ತುಲಾಕಾರದ ಮೋಟಾರು ಹೆದ್ದಾರಿಗಳನ್ನು ನಿರ್ಮಿಸುವ ‘ರಿಂಗ್‌ವೇ’ ಯೋಜನೆಗಾಗಿ ಸಾವಿರಾರು ಮನೆಗಳು ನೆಲಸಮವಾಗಬೇಕಿತ್ತು. ಅದನ್ನು ವಿರೋಧಿಸಿ, ರಸ್ತೆಗಿಂತ ಮನೆ ಮೊದಲು ಎಂಬ ಘೋಷಣೆಯನ್ನೇ ಹೆಸರಾಗಿಸಿಕೊಂಡ ಗುಂಪೊಂದು ನಗರದ ತುಂಬ ಅಭ್ಯರ್ಥಿಗಳನ್ನು ನಿಲ್ಲಿಸಿತು. ಒಬ್ಬರೂ ಗೆಲ್ಲಲಿಲ್ಲ. ಆದರೆ ಆ ಮತಗಳನ್ನು ಲೇಬರ್ ಪಕ್ಷ ಎಣಿಸಿಕೊಂಡಿತು. 1973ರಲ್ಲಿ ಹೆದ್ದಾರಿ ಯೋಜನೆಯನ್ನು ಕೈಬಿಡುವ ಭರವಸೆಯೊಂದಿಗೆ ಕಣಕ್ಕಿಳಿದು, 92 ಸ್ಥಾನಗಳಲ್ಲಿ 58ನ್ನು ಗೆದ್ದು, ಕೊಟ್ಟ ಮಾತನ್ನು ನಡೆಸಿತು. ಕನ್ಸರ್ವೇಟಿವರಿಗೆ 32, ಲಿಬರಲ್ ಪಕ್ಷಕ್ಕೆ 2 ಸ್ಥಾನ ಸಿಕ್ಕವು. ಸ್ಥಳೀಯ ಚುನಾವಣೆಗಳು ರಾಷ್ಟ್ರೀಯ ಸಿಟ್ಟಿನ ನೆರಳು ಮಾತ್ರ ಎನ್ನುವವರು ಈ ಪ್ರಸಂಗವನ್ನು ಮರೆಯುತ್ತಾರೆ. ಎಡ್ವರ್ಡ್ ಹೀತ್ ಸರ್ಕಾರದ ಮೇಲಿನ ಅಸಮಾಧಾನ ಲೇಬರ್ ಗೆಲುವಿಗೆ ನೆರವಾಯಿತು, ಸರಿ. ಆದರೆ ಇಂದು ಒಳ ಲಂಡನ್ನಿನ ಎಷ್ಟೋ ಬೀದಿಗಳು ಹೆದ್ದಾರಿಯ ಕಂಬಗಳ ಕೆಳಗೆ ಇಲ್ಲದಿರುವುದಕ್ಕೆ ಆ ಮತಪೆಟ್ಟಿಗೆಯ ಪಾಲೂ ಇದೆ.

ಅದೇ ಚುನಾವಣೆಯಿಂದ ಬರೋ ಕ್ಷೇತ್ರಗಳು ಹೋಗಿ ಏಕಸದಸ್ಯ ಕ್ಷೇತ್ರಗಳು ಬಂದವು, ಅವಧಿ ಮೂರು ವರ್ಷದಿಂದ ನಾಲ್ಕಕ್ಕೆ ಏರಿತು. ಪದ್ಧತಿ ಬದಲಾದರೂ ಲೋಲಕದ ಓಲಾಟ ನಿಲ್ಲಲಿಲ್ಲ. ಜೇಮ್ಸ್ ಕ್ಯಾಲಹನ್ ಪ್ರಧಾನಿಯಾಗಿದ್ದ 1977ರಲ್ಲಿ ಹೊರೇಸ್ ಕಟ್ಲರ್ ನಾಯಕತ್ವದ ಕನ್ಸರ್ವೇಟಿವರಿಗೆ 64, ಲೇಬರ್‌ಗೆ 28. ವಲಸಿಗರನ್ನು ದ್ವೇಷಿಸುವ ನ್ಯಾಷನಲ್ ಫ್ರಂಟ್ ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರೂ ಒಂದು ಸ್ಥಾನವನ್ನೂ ಗಳಿಸಲಿಲ್ಲ.

1981ರ ಮೇ 7ರ ಚುನಾವಣೆಯಲ್ಲಿ ಲೇಬರ್ 50, ಕನ್ಸರ್ವೇಟಿವ್ 41, ಲಿಬರಲ್ 1. ಇಲ್ಲಿ ಲೇಬರ್ ಪಕ್ಷದ ನಡತೆಯನ್ನೂ ಟೀಕಿಸಲೇಬೇಕು. ಆಂಡ್ರ್ಯೂ ಮೆಕಿಂಟಾಶ್ ಅವರನ್ನು ಮುಂದಿಟ್ಟುಕೊಂಡು ಮತ ಕೇಳಿದ ಪಕ್ಷವು, ಫಲಿತಾಂಶ ಬಂದ ಮರುದಿನವೇ ಸದಸ್ಯರ ಸಭೆ ಕರೆದು 20ರ ವಿರುದ್ಧ 30 ಮತಗಳಿಂದ ಅವರನ್ನು ಕೆಳಗಿಳಿಸಿ ಲಿವಿಂಗ್‌ಸ್ಟನ್ ಅವರನ್ನು ಕೂರಿಸಿತು. ನಿಯಮದ ಪ್ರಕಾರ ಇದು ತಪ್ಪಲ್ಲ. ಮತದಾರನ ಕಣ್ಣಿನಲ್ಲಿ ನ್ಯಾಯವೂ ಅಲ್ಲ. ಆದರೆ ಪ್ರಣಾಳಿಕೆ ಮಾತ್ರ ಅದೇ ಇತ್ತು, ಬಸ್ಸು ಮತ್ತು ಸುರಂಗ ರೈಲಿನ ದರ ಇಳಿಸುವ ಭರವಸೆಯೂ ಅದರಲ್ಲಿತ್ತು. ದರ ಇಳಿಯಿತು. ಅದಕ್ಕಾಗಿ ಹೆಚ್ಚುವರಿ ತೆರಿಗೆ ಕೊಡಬೇಕಾಗಿ ಬಂದ, ಸುರಂಗ ರೈಲಿನ ನಿಲ್ದಾಣವೇ ಇಲ್ಲದ ಬ್ರಾಮ್ಲಿ ಬರೋ ನ್ಯಾಯಾಲಯಕ್ಕೆ ಹೋಯಿತು. 1981ರ ಡಿಸೆಂಬರಿನಲ್ಲಿ, ಆಗ ದೇಶದ ಅತ್ಯುಚ್ಚ ನ್ಯಾಯಾಲಯವೂ ಆಗಿದ್ದ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ದರ ಇಳಿಕೆ ಕಾನೂನುಬಾಹಿರವೆಂದೂ, ಪ್ರಣಾಳಿಕೆಯಲ್ಲಿ ಮಾತು ಕೊಟ್ಟಿದ್ದೇವೆಂಬುದು ಅದಕ್ಕೆ ಸಮರ್ಥನೆಯಾಗದೆಂದೂ ತೀರ್ಪಿತ್ತರು. ಬ್ರಾಮ್ಲಿಯವರ ದೂರಿನಲ್ಲಿ ನ್ಯಾಯವಿತ್ತೆಂದು ನಾನು ಒಪ್ಪುತ್ತೇನೆ. ಆದರೂ ಮತ ಕೇಳಿದ ವಿಷಯದ ಮೇಲೆಯೇ ಗೆದ್ದವರ ಕೈ ಕಟ್ಟಿದಾಗ ಮತದಾರನಿಗೆ ಉಳಿಯುವುದೇನು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ.

ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಿಂದ ನಿಂತಿರುವ ಬಸವಣ್ಣನವರ ಪ್ರತಿಮೆಯನ್ನು ನೋಡಲು ಹೋದ ಕನ್ನಡಿಗರು, ಅದೇ ದಂಡೆಯಲ್ಲಿ ಇನ್ನಷ್ಟು ದೂರ ನಡೆದರೆ ಜಿಎಲ್‌ಸಿಯ ಕೇಂದ್ರವಾಗಿದ್ದ ಕೌಂಟಿ ಹಾಲ್ ಸಿಗುತ್ತದೆ. ನದಿಯ ಆಚೆ ದಡದಲ್ಲಿ ಸಂಸತ್ ಭವನ. ಕೌಂಟಿ ಹಾಲ್‌ನ ಮಾಡಿನ ಮೇಲೆ ಲಂಡನ್ನಿನ ನಿರುದ್ಯೋಗಿಗಳ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಸಂಸದರ ಕಣ್ಣಿಗೆ ಬೀಳುವಂತೆ ಇಟ್ಟವರ ಮೇಲೆ ಥ್ಯಾಚರ್ ಅವರಿಗೆ ಕೋಪ ಬಂದದ್ದು ಸಹಜ. 1983ರ ಕನ್ಸರ್ವೇಟಿವ್ ಪ್ರಣಾಳಿಕೆಯಲ್ಲಿ ಜಿಎಲ್‌ಸಿಯನ್ನೂ ಇತರ ಆರು ಮಹಾನಗರ ಕೌಂಟಿ ಕೌನ್ಸಿಲ್‌ಗಳನ್ನೂ ತೆಗೆದುಹಾಕುವುದಾಗಿ ಹೇಳಲಾಗಿತ್ತು, ಆ ಪಕ್ಷ ಭಾರೀ ಬಹುಮತದಿಂದ ಗೆದ್ದೂ ಇತ್ತು. ಹಾಗಾಗಿ ರದ್ದತಿಗೆ ಜನಾದೇಶವೇ ಇರಲಿಲ್ಲವೆಂದು ನಾನು ಹೇಳಲಾರೆ.

ನನ್ನ ತಕರಾರು ಅದರ ಕ್ರಮದ ಬಗ್ಗೆ. 1985ರ ಮೇ ತಿಂಗಳಲ್ಲಿ ಏಳನೆಯ ಚುನಾವಣೆ ಬರಬೇಕಿತ್ತು. ಆಗ ಲೇಬರ್ ಮತ್ತೆ ಗೆದ್ದಿದ್ದರೆ ಇಡೀ ರದ್ದತಿಯ ಯೋಜನೆಗೇ ಮುಜುಗರವಾಗುತ್ತಿತ್ತು. ಆದ್ದರಿಂದ 1984ರಲ್ಲಿಯೇ ಮಸೂದೆಯೊಂದನ್ನು ತಂದು ಆ ಚುನಾವಣೆಯನ್ನು ಕೈಬಿಡುವ, ಕೊನೆಯ ಹನ್ನೊಂದು ತಿಂಗಳಿಗೆ ಬರೋಗಳು ನಾಮಕರಣ ಮಾಡಿದ ಸದಸ್ಯರನ್ನು ಕೂರಿಸುವ ಏರ್ಪಾಡಿಗೆ ಸರ್ಕಾರ ಹೊರಟಿತು. ಅಂದರೆ ಒಂದು ಮತವೂ ಬೀಳದೆ ಕೌನ್ಸಿಲ್ಲಿನ ಬಹುಮತ ಲೇಬರ್‌ನಿಂದ ಕನ್ಸರ್ವೇಟಿವ್ ಕಡೆಗೆ ಜಾರುತ್ತಿತ್ತು. ಚುನಾಯಿತರೇ ಅಲ್ಲದ ಲಾರ್ಡ್ಸ್ ಸಭೆಯವರು ಇದನ್ನು ತಡೆದು ಪ್ರಜಾಪ್ರಭುತ್ವದ ಪಾಠ ಹೇಳಬೇಕಾಯಿತು. ಸರ್ಕಾರ ಅರ್ಧ ಹಿಂದೆ ಸರಿದು ಇದ್ದ ಸದಸ್ಯರ ಅವಧಿಯನ್ನೇ ವಿಸ್ತರಿಸಿತು, ಚುನಾವಣೆಯನ್ನು ಮಾತ್ರ ನಡೆಸಲಿಲ್ಲ. ಹನ್ನೊಂದು ತಿಂಗಳಿಗಾಗಿ ಚುನಾವಣೆ ಯಾಕೆ ಎಂಬುದು ಅವರ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ ಕೌನ್ಸಿಲ್ ಅನ್ನು ರದ್ದುಪಡಿಸುವ ಕಾಯ್ದೆಗೆ ಅಂಕಿತ ಬಿದ್ದದ್ದು 1985ರ ಜುಲೈನಲ್ಲಿ, ಚುನಾವಣೆ ನಡೆಯಬೇಕಿದ್ದ ತಿಂಗಳು ಕಳೆದ ಮೇಲೆ. ಇನ್ನೂ ಅಂಗೀಕಾರವಾಗದ ಕಾನೂನೊಂದನ್ನು ನೆಪವಾಗಿಟ್ಟುಕೊಂಡು ಮತದಾರರ ಸರದಿಯನ್ನು ಕಿತ್ತುಕೊಳ್ಳಲಾಯಿತು.

ರದ್ದತಿಯ ಬಗ್ಗೆ ಮತದಾರರ ಅಭಿಪ್ರಾಯ ಕೇಳಲೆಂದು ಲಿವಿಂಗ್‌ಸ್ಟನ್ ಸೇರಿ ನಾಲ್ವರು ಲೇಬರ್ ಸದಸ್ಯರು ರಾಜೀನಾಮೆ ಕೊಟ್ಟು 1984ರ ಸೆಪ್ಟೆಂಬರಿನಲ್ಲಿ ಉಪಚುನಾವಣೆಗಳನ್ನು ಎದುರಿಸಿದರು. ಕನ್ಸರ್ವೇಟಿವರು ಕಣಕ್ಕೇ ಇಳಿಯಲಿಲ್ಲ. ನಾಲ್ಕೂ ಸ್ಥಾನ ಲೇಬರ್‌ಗೆ ಬಂದವು, ಏನೂ ಸಾಬೀತಾಗಲಿಲ್ಲ.

ಮುಂದೆ ಹದಿನಾಲ್ಕು ವರ್ಷ ಲಂಡನ್ನಿಗೆ ಇಡೀ ನಗರದ ಚುನಾಯಿತ ಆಡಳಿತವಿರಲಿಲ್ಲ. 1998ರ ಜನಮತಗಣನೆಯಲ್ಲಿ ಮತ ಹಾಕಿದವರ ಪೈಕಿ ಶೇ 72ರಷ್ಟು ಮಂದಿ ಹೊಸ ವ್ಯವಸ್ಥೆಗೆ ಒಪ್ಪಿದರು. 2000ದಲ್ಲಿ ಮೊದಲ ಚುನಾಯಿತ ಮೇಯರ್ ಆದವರು ಅದೇ ಲಿವಿಂಗ್‌ಸ್ಟನ್, ಈ ಬಾರಿ ಲೇಬರ್ ಸರ್ಕಾರದ ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿದ ಪಕ್ಷೇತರರಾಗಿ! ಹಳೆಯ ನಿಯಮ ಮುರಿದದ್ದು 2004ರಲ್ಲಿ: ಲೇಬರ್ ಪಕ್ಷಕ್ಕೆ ಮರಳಿದ ಅವರು ಲೇಬರ್ ಸರ್ಕಾರವಿದ್ದಾಗಲೇ ಗೆದ್ದರು. 2012ರಲ್ಲಿ ಕನ್ಸರ್ವೇಟಿವರು ದೇಶವಾಳುತ್ತಿದ್ದಾಗ ಅವರದೇ ಪಕ್ಷದ ಬೋರಿಸ್ ಜಾನ್ಸನ್ ಮರು ಆಯ್ಕೆಯಾದರು. ಪಕ್ಷದ ಬದಲು ವ್ಯಕ್ತಿಯನ್ನು ಆರಿಸಲು ಹೇಳಿದಾಗ ಲಂಡನ್ನಿಗರು ಬೇರೆ ರೀತಿ ಯೋಚಿಸಿದರೆಂದು ನಾನು ಭಾವಿಸುತ್ತೇನೆ. ಚುನಾವಣೆಯ ನಿಯಮ ಬರೆಯುವ ಅಧಿಕಾರವಂತೂ ಇಂದಿಗೂ ನದಿಯ ಆಚೆ ದಡದಲ್ಲಿಯೇ ಇದೆ. ಮೇಯರ್ ಚುನಾವಣೆಯಲ್ಲಿ ಎರಡನೆಯ ಆಯ್ಕೆಯನ್ನೂ ಗುರುತಿಸುವ ಪದ್ಧತಿಯನ್ನು ಸಂಸತ್ತು 2022ರ ಕಾಯ್ದೆಯಿಂದ ತೆಗೆದುಹಾಕಿತು, 2024ರಲ್ಲಿ ಲಂಡನ್ನಿಗರು ಆ ಹೊಸ ನಿಯಮದಡಿಯೇ ಮತ ಹಾಕಿದರು. ಅದನ್ನು ಬದಲಿಸುವ ಮೊದಲು ಲಂಡನ್ನಿನ ಮತದಾರರನ್ನು ಯಾರೂ ಕೇಳಲಿಲ್ಲ.