ಹದ್ದುಬಸ್ತಿನಲ್ಲಿ ಅವಳು, ಹದ್ದು ಮೀರಿದವನು ಅವನು

[ಪುಣೆಯ ವಾಕಡ್ ಕಡೆಯ ರಸ್ತೆ, ಸಂಜೆ ಹೊತ್ತು. ನಿರೂಪಕಿ ನೇರ ಕ್ಯಾಮೆರಾಗೆ.]

ನಮಸ್ಕಾರ. ಇವತ್ತಿನ ವಿಡಿಯೋ ಹುಟ್ಟಿದ್ದು ಒಂದು ಮೆಸೇಜಿನಿಂದ. ಹಿಂಜವಡಿಯಲ್ಲಿ ಕೆಲಸ ಮಾಡೋ, ನಮ್ಮ ಉತ್ತರ ಕರ್ನಾಟಕದ ಕಡೆಯ ಒಬ್ಬ ಹುಡುಗಿ, ತನ್ನ ಬಗ್ಗೆ, ತಾನು ಪ್ರೀತಿಸೋ ಹುಡುಗನ ಬಗ್ಗೆ ಬರೆದಿದ್ದಳು. "ಅಕ್ಕಾರ, ನಾವು ಬ್ಯಾರೆ ಬ್ಯಾರೆ ಜಾತಿಯವರು. ಇಬ್ಬರಿಗೂ ಅಂಜಿಕಿ ಐತ್ರಿ. ಆದ್ರ ಇಬ್ಬರದೂ ಒಂದ ನಮೂನಿ ಅಂಜಿಕಿ ಅಲ್ರಿ. ಯಾಕ್ರಿ?"

ಇಬ್ಬರನ್ನೂ ಒಂದು ಉಡುಪಿ ಹೋಟೆಲಿನಲ್ಲಿ ಭೇಟಿಯಾದೆ. ಗುರುತು ಸಿಗೋ ವಿವರಗಳನ್ನೆಲ್ಲ ಬದಲಿಸಿದ್ದೀನಿ. ಹುಡುಗ ಬಾಗಿಲಿಗೆ ಮುಖ ಮಾಡಿ ಕೂತ. ಒಳಗೆ ಬಂದ ಪ್ರತಿಯೊಬ್ಬರನ್ನೂ ಒಮ್ಮೆ ನೋಡೋನು, ಆಮೇಲೆ ತುತ್ತು. ಹುಡುಗಿ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಟೇಬಲ್ ಮೇಲಿದ್ದ ಫೋನಿನ ಮೇಲೆ. ಅದು ಹೊಳೀತು, ಅಣ್ಣನ ವಿಡಿಯೋ ಕಾಲ್. ಅವಳು ಫೋನ್ ಎತ್ತೋದರೊಳಗೆ ಹುಡುಗ ಅರ್ಧ ತಿಂದ ಸೆಟ್ ದೋಸೆ ಪ್ಲೇಟು, ನೀರಿನ ಲೋಟ ಎರಡನ್ನೂ ಎತ್ಕೊಂಡು ಪಕ್ಕದ ಟೇಬಲಿಗೆ ಹೋಗಿಬಿಟ್ಟ. ಒಂದು ಮಾತಿಲ್ಲ, ಒಂದು ಸನ್ನೆ ಇಲ್ಲ, ಅಷ್ಟು ರೂಢಿಯಾಗಿದೆ. ಅವಳು ಕ್ಯಾಮೆರಾ ತಿರುಗಿಸಿ ನನ್ನನ್ನ ತೋರಿಸಿದಳು. "ಇವರ ಜೋಡಿ ಬಂದೀನಿ ಅಣ್ಣಾ." ಒಂದು ಗಂಟೆಯಲ್ಲಿ ಮೂರು ಸಲ ಹೀಗಾಯ್ತು.

ಇವರ ಅಂಜಿಕೆ ಮರ್ಯಾದೆ ಹೆಸರಿನ ಹಿಂಸೆಯದು. ಜಾತಿ ಮೀರಿ ಪ್ರೀತಿಸಿದರೆ ಮನೆತನದ ಮರ್ಯಾದೆ ಹೋಯ್ತು ಅಂತ ಮನೆಯವರು, ಜಾತಿಯವರು ಮಾಡೋ ಹಿಂಸೆ ಅದು. ನಮ್ಮ ಪತ್ರಿಕೆಗಳು "ಮರ್ಯಾದೆಗೇಡು ಹತ್ಯೆ" ಅಂತ ಬರೀತಾವೆ, ನನಗೂ ಅದೇ ಸರಿ ಅನಿಸುತ್ತೆ. ಕೊಲೆ ಇದರ ಕೊನೆ ಮೆಟ್ಟಿಲು. ಅದಕ್ಕೂ ಮೊದಲು ಕಾವಲು, ಹೊಡೆತ, ಕೂಡಿಹಾಕೋದು, ಬಲವಂತದ ಮದುವೆ, ಊರಿನ ಬಹಿಷ್ಕಾರ, ಎಲ್ಲಾ ಇದೆ.

ಹುಡುಗಿ ಕೇಳಿದ "ಯಾಕ್ರಿ"ಗೆ ಉತ್ತರ ನನಗೆ ಸಿಕ್ಕಿದ್ದು ನಮ್ಮದೇ ಮಾತಿನಲ್ಲಿ. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದರೆ ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಮರ್ಯಾದೆ" ಅನ್ನೋ ಸಂಸ್ಕೃತ ಪದದ ಹಳೆಯ ಅರ್ಥವೇ ಎಲ್ಲೆ, ಗಡಿ. ಇನ್ನು ಮನೆಗಳಲ್ಲಿ ಹೇಳೋ ಮಾತು ನೆನಪಿಸ್ಕೊಳ್ಳಿ. "ಮಗಳನ್ನ ಹದ್ದುಬಸ್ತಿನಲ್ಲಿ ಇಟ್ಕೊಳ್ಳಿ." ಈ ಹದ್ದುಬಸ್ತು ಯಾವುದು? ಹೊಲ ಇರೋರಿಗೆ ಗೊತ್ತು. ಪಕ್ಕದವನು ಬದು ಒತ್ತಿದ ಅಂದರೆ ಹದ್ದುಬಸ್ತಿಗೆ ಅರ್ಜಿ ಹಾಕ್ತೀವಿ. ಸರ್ವೇಯರ್ ನಕ್ಷೆ ಹಿಡ್ಕೊಂಡು ಬರ್ತಾನೆ, ಬಾಂದುಗಲ್ಲು ಹುಡುಕ್ತಾನೆ, ಅಳೀತಾನೆ, ಗಡಿ ಗುರುತು ಮಾಡ್ತಾನೆ. ಜಮೀನು ಅಳೆಯೋ ಮಾತನ್ನೇ ನಾವು ಮಗಳಿಗೆ ಹಾಕಿದ್ದೀವಿ! ಆ ಬಾಂದುಗಲ್ಲಿಗೆ ಹೊಲದಲ್ಲಿ ಪಾಲಿಲ್ಲ. ಅದನ್ನ ಯಾರೂ ಏನೂ ಕೇಳೋದಿಲ್ಲ. ಅದರ ಕೆಲಸ ಒಂದೇ, ಇಟ್ಟಲ್ಲಿ ಇರೋದು. ಒಂದು ಗೇಣು ಸರಿದರೂ ಇಡೀ ಮನೆತನ ಬೀದಿಗೆ ಬರುತ್ತೆ. ಹಾಗಾಗಿ ಅದನ್ನ ದಿನಾ ನೋಡ್ತಿರಬೇಕು. ವಿಡಿಯೋ ಕಾಲ್ ಮಾಡಿ ಆದರೂ.

ಹುಡುಗನಿಗೆ ಏನಂತಾರೆ? "ಹದ್ದು ಮೀರಿದ." ಅದೇ ಹದ್ದು, ಅದೇ ಗಡಿ. ಅವಳು ಗಡಿಯ ಕಲ್ಲು, ಅವನು ಗಡಿ ದಾಟಿ ಬಂದವನು. ಕಲ್ಲನ್ನ ಮನೆಯವರು ಕಾಯ್ತಾರೆ, ದಾಟಿದವನನ್ನ ಬೀದಿಯಲ್ಲಿ ಹೊಡೀತಾರೆ.

[ಪರದೆಯ ಮೇಲೆ ಊರುಗಳ ಹೆಸರು, ಇಸವಿ ಮಾತ್ರ. ಯಾರ ಫೋಟೋನೂ ಬೇಡ.]

ನಡೆದಿರೋದನ್ನ ನೋಡಿ. 2016ರಲ್ಲಿ ತಮಿಳುನಾಡಿನ ಉಡುಮಲಪೇಟೆ, ಹಾಡಹಗಲು, ಜನ ಓಡಾಡೋ ರಸ್ತೆ, ದಲಿತ ಯುವಕನನ್ನ ಕೊಚ್ಚಿದರು. ಹೆಂಡತಿ ಗಾಯಗೊಂಡು ಉಳಿದಳು. 2018ರಲ್ಲಿ ತೆಲಂಗಾಣದ ಮಿರ್ಯಾಲಗೂಡ, ಗರ್ಭಿಣಿ ಹೆಂಡತಿ ಜೊತೆ ಆಸ್ಪತ್ರೆಯಿಂದ ಹೊರಗೆ ಬರ್ತಿದ್ದ ದಲಿತ ಯುವಕ. ಎರಡೂ ಸಿಸಿಟಿವಿಯಲ್ಲಿ ಇವೆ. ದೂರದ ಮಾತು ಅನ್ಕೋಬೇಡಿ, ನಮ್ಮ ಪಕ್ಕದ ಅಹಮದ್‌ನಗರ ಜಿಲ್ಲೆ, ಈಗಿನ ಅಹಿಲ್ಯಾನಗರ. 2013ರಲ್ಲಿ ಸೋನಯಿಯಲ್ಲಿ ಮೂವರು ದಲಿತ ಯುವಕರ ಕೊಲೆ. 2014ರಲ್ಲಿ ಖರ್ಡಾದಲ್ಲಿ 17 ವರ್ಷದ ದಲಿತ ಹುಡುಗ, ಮೇಲ್ಜಾತಿ ಹುಡುಗಿ ಜೊತೆ ಮಾತಾಡಿದ ಅನ್ನೋ ಕಾರಣಕ್ಕೆ. ಆ ಮೊಕದ್ದಮೆಯಲ್ಲಿ 2017ರಲ್ಲಿ ಆರೋಪಿಗಳು ಬಿಡುಗಡೆಯಾದರು. ಅದನ್ನ ಹೇಳುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತೆ.

ಹುಡುಗನ ಸಾವು ನಾಲ್ಕು ಜನ ನೋಡೋ ಹಾಗೆ ಆಗುತ್ತೆ, ಅವನ ಕೇರಿಗೇ ಎಚ್ಚರಿಕೆ ಅನ್ನೋ ಹಾಗೆ. ಅದರೊಳಗೆ ಜಾತಿ ಇದೆ. ಹುಡುಗ ಮೇಲ್ಜಾತಿಯವನಾಗಿ ಹುಡುಗಿ ದಲಿತಳಾಗಿದ್ದರೆ ಲೆಕ್ಕವೇ ಬೇರೆ. ಅವಳನ್ನ ಗಂಡನ ಮನೆಯವರೇ ಹೊಸ್ತಿಲು ತುಳಿಸೋದಿಲ್ಲ.

ಹುಡುಗಿಯ ಸಾವು ಮನೆಯೊಳಗೆ. 2011ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ದೆಹಲಿಯ ಒಂದು ಮೊಕದ್ದಮೆಯಲ್ಲಿ ಮಗಳ ಕತ್ತು ಬಿಗಿದವನು ಹೆತ್ತ ತಂದೆ. ಇಂಥ ಎಷ್ಟೋ ಸಾವು "ಹೊಟ್ಟೆನೋವು ತಾಳದೆ ಆತ್ಮಹತ್ಯೆ" ಅಂತ ಬರೆಸ್ಕೊಂಡು, ಬೆಳಗಾಗೋದರೊಳಗೆ ಬೂದಿಯಾಗಿರುತ್ತೆ. ದೂರು ಕೊಡಬೇಕಾದವರೇ ಮಾಡಿದವರು. ಎನ್‌ಸಿಆರ್‌ಬಿ, ಅಂದರೆ ದೇಶದ ಅಪರಾಧಗಳ ಲೆಕ್ಕ ಇಡೋ ಸರ್ಕಾರಿ ಸಂಸ್ಥೆ, 2014ರಿಂದ ಮರ್ಯಾದೆಗೇಡು ಹತ್ಯೆಗಳನ್ನ ಬೇರೆಯಾಗಿ ಎಣಿಸ್ತಿದೆ. ಆ ವರ್ಷ 28, ಮರುವರ್ಷ 251. ಒಂದೇ ವರ್ಷಕ್ಕೆ ಕೊಲೆಗಾರರು ಒಂಬತ್ತು ಪಟ್ಟು ಆಗಲ್ಲ. ಠಾಣೆಯಲ್ಲಿ ಬರೆಯೋ ಕೈ ಏನು ಬರೆಯುತ್ತೋ ಅದು ಲೆಕ್ಕ.

ಗಂಡುಮಕ್ಕಳನ್ನ ಮನೆಯವರೂ ಹಿಂಡ್ತಾರೆ. ಬ್ರಿಟನ್ನಿನ ಸರ್ಕಾರಿ ಬಲವಂತದ ಮದುವೆ ಘಟಕಕ್ಕೆ 2019ರಲ್ಲಿ ಬಂದ 1355 ಪ್ರಕರಣಗಳಲ್ಲಿ ಸುಮಾರು 80% ಹೆಣ್ಣುಮಕ್ಕಳು, 19% ಗಂಡಸರು. ಗಂಡಸರನ್ನ ಪ್ರೀತಿಸೋ ಗಂಡು, ಅಂಗವೈಕಲ್ಯ ಇರೋ ಗಂಡು, ಇವರ ಕೊರಳಿಗೂ ತಾಳಿಯ ಉರುಳು ಬೀಳುತ್ತೆ. ಆದರೆ "ನನ್ನನ್ನ ಮನೇಲಿ ಕೂಡಿಹಾಕಿದ್ದಾರೆ" ಅಂತ ಗಂಡಸು ಠಾಣೆಗೆ ಹೋದರೆ ಅಲ್ಲಿ ನಗ್ತಾರೆ.

ಇನ್ನೊಬ್ಬ ಇದ್ದಾನೆ, ಫೋನ್ ಮಾಡ್ತಿದ್ದ ಆ ಅಣ್ಣ. ಇಪ್ಪತ್ತೆರಡು ವರ್ಷದವನಂತೆ. ಕಾಯೋ ಕೆಲಸ ಅವನ ತಲೆಗೆ ಕಟ್ಟಿದವರು ದೊಡ್ಡವರು. ಅವನು ಮಾಡಿದ್ದನ್ನ ನಾನು ಒಪ್ಪಲ್ಲ. ಆದರೆ ಕಾಯದ ಗಂಡಸಿಗೆ ಏನಾಗುತ್ತೆ ಅನ್ನೋದು ಕನ್ನಡಿಗರಿಗೆ ಹನ್ನೆರಡನೇ ಶತಮಾನದಿಂದ ಗೊತ್ತಿದೆ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯ್ತು. ದೊರೆ ಬಿಜ್ಜಳ ಎಳೆಹೂಟೆ ಶಿಕ್ಷೆ, ಅಂದರೆ ಆನೆ ಕಾಲಿಗೆ ಕಟ್ಟಿ ಎಳೆಸೋ ಶಿಕ್ಷೆ ಕೊಟ್ಟಿದ್ದು ಅಪ್ಪಂದಿರಿಬ್ಬರಿಗೂ ಅಂತ ಶರಣರ ಪರಂಪರೆ ಹೇಳುತ್ತೆ. ಒಪ್ಪಿಗೆ ಕೊಟ್ಟಿದ್ದೇ ಅವರ ಅಪರಾಧ. ನಮ್ಮ ಮನೆಗಳಲ್ಲಿ ಮಗಳ ಪರ ನಿಂತ ಅಪ್ಪನಿಗೆ ಬೀಗರು, ದಾಯಾದಿಗಳು ಮಾಡೋದು ಇನ್ನೇನು?

ಸಮಯ ಆಗ್ತಾ ಬಂತು, ಕಾನೂನು ಬೇಗ ಹೇಳಿಬಿಡ್ತೀನಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇರೋದು ಹೆಣ್ಣಿನ ರಕ್ಷಣೆಗೆ, 181 ಸಹಾಯವಾಣಿಯೂ ಅವಳದೇ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗೋದಾದರೆ ಅದಕ್ಕೂ ಮೊದಲು 30 ದಿನ ನೋಟಿಸು ಬೋರ್ಡಿನ ಮೇಲೆ ಇರುತ್ತೆ. ಇಬ್ಬರೂ ಹಿಂದೂಗಳಾಗಿದ್ದು ಜಾತಿ ಮಾತ್ರ ಬೇರೆ ಆಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಸಾಕು, ನೋಟಿಸು ಬೇಡ. ಲಿಂಗಾಯತರು, ಬೌದ್ಧರು, ಜೈನರೂ ಆ ಕಾಯ್ದೆಯೊಳಗೇ ಬರ್ತಾರೆ. ಮಹಾರಾಷ್ಟ್ರದಲ್ಲಿ ಬಹಿಷ್ಕಾರ ಹಾಕೋದರ ವಿರುದ್ಧವೇ 2016ರ ಕಾಯ್ದೆ ಇದೆ, ಮೂರು ವರ್ಷದ ತನಕ ಜೈಲು. ಎಲ್ಲಕ್ಕಿಂತ ಮುಖ್ಯ, ಶಕ್ತಿವಾಹಿನಿ ಅನ್ನೋ ಸಂಸ್ಥೆ ಹಾಕಿದ್ದ ಅರ್ಜಿಯ ಮೇಲೆ 2018ರ ಮಾರ್ಚ್ 27ರಂದು ಬಂದ ತೀರ್ಪು. ಪ್ರತಿ ಜಿಲ್ಲೆಯಲ್ಲಿ ಇಂಥ ಜೋಡಿಗಳ ದೂರು ಕೇಳೋ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ, ಸುರಕ್ಷಿತ ಮನೆಯ ವ್ಯವಸ್ಥೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮದುವೆಗೆ ಮುಂಚೆಯೂ ಅಲ್ಲಿ ಇರಬಹುದು, ಜೋಡಿಯಾಗಿ. ಅಂದರೆ ಅಲ್ಲಿ ಹುಡುಗನಿಗೂ ಜಾಗ ಇದೆ. ಜೀವಕ್ಕೆ ಅಪಾಯ ಕಣ್ಣೆದುರಿಗಿದ್ದರೆ ಇಬ್ಬರಿಗೂ 112.

ಈ ಸುರಕ್ಷಿತ ಮನೆ ವಿಷಯ ಹೇಳಿದಾಗ ಹುಡುಗ ಕೇಳಿದ, "ಬಾಗಲಕ್ಕ ಪೊಲೀಸ್ ಇರ್ತಾರೇನ್ರಿ?" ಹುಡುಗಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅಲ್ಲಿ ಫೋನ್ ಬಂದ್ ಇಟ್ಟರ ನಡೀತೈತೇನ್ರಿ?"

ಎರಡೂ ಪ್ರಶ್ನೆ ಬರ್ಕೊಂಡಿದ್ದೀನಿ. ಸೋಮವಾರ ಅವರಿಬ್ಬರ ಜೊತೆ ಒಬ್ಬ ವಕೀಲರನ್ನ ಕರ್ಕೊಂಡು ವಿಶೇಷ ಘಟಕಕ್ಕೆ ಹೋಗ್ತಿದ್ದೀವಿ.