ಯಂತ್ರದ ತಾಳಕ್ಕೆ ಡೊನ್ನಾ ಸಮ್ಮರ್ ಕೊರಳು

[ಪರದೆ ಕಪ್ಪು. ಸಿಂಥಸೈಜರ್‌ನ ಒಂದೇ ಸಮನಾದ ಮಿಡಿತ ಮಾತ್ರ ಕೇಳಿಸುತ್ತದೆ.]

ಈಗ ಕೇಳಿಸುತ್ತಿರುವುದು 1977ರ 'ಐ ಫೀಲ್ ಲವ್'. ಕ್ಲಬ್‌ಗಳಲ್ಲಿ ಕುಣಿಯಲೆಂದು ಮಾಡಿದ ಡಿಸ್ಕೊ ಸಂಗೀತವೆಂದರೆ ಪಿಟೀಲುಗಳ ಸಾಲು, ತುತ್ತೂರಿಗಳ ಅಬ್ಬರ ಎಂದು ಜನ ನಂಬಿದ್ದ ಕಾಲದಲ್ಲಿ ಬಂದ ಈ ಹಾಡಿನಲ್ಲಿ ಅವೆರಡೂ ಇಲ್ಲ. ಇರುವುದು ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಜರ್, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಮತ್ತು ಒಬ್ಬ ಗಾಯಕಿ.

[ಬಾಸ್ಟನ್ ನಗರದ ಹಳೆಯ ಚಿತ್ರಗಳು.]

ಆ ಗಾಯಕಿ ಡೊನ್ನಾ ಸಮ್ಮರ್. 1948ರ ಡಿಸೆಂಬರ್ 31ರಂದು ಬಾಸ್ಟನ್‌ನಲ್ಲಿ ಹುಟ್ಟಿದಾಗ ಆಕೆಯ ಹೆಸರು ಲಾಡೊನ್ನಾ ಏಡ್ರಿಯನ್ ಗೇನ್ಸ್. ಚರ್ಚ್‌ನಲ್ಲಿ ಹಾಡಿ ಬೆಳೆದವರು. 'ಹೇರ್' ಸಂಗೀತ ನಾಟಕದಲ್ಲಿ ಪಾತ್ರ ಸಿಕ್ಕಿತೆಂದು ಇಪ್ಪತ್ತು ತುಂಬುವ ಮೊದಲೇ ಜರ್ಮನಿಗೆ ಹೋದರು, ಅಲ್ಲಿಯೇ ನೆಲೆನಿಂತರು. ಆಸ್ಟ್ರಿಯಾದ ನಟ ಹೆಲ್ಮುತ್ ಸೊಮ್ಮರ್‌ರನ್ನು ಮದುವೆಯಾದರು. ಮದುವೆ ಬಹಳ ಕಾಲ ಬಾಳಲಿಲ್ಲ. ಕುಲನಾಮ ಮಾತ್ರ ತುಸು ಬದಲಾಗಿ ಕೊನೆಯವರೆಗೂ ಉಳಿಯಿತು.

ಮ್ಯೂನಿಕ್‌ನಲ್ಲಿ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲಟ್ ಎಂಬ ಇಬ್ಬರು ಸಂಗೀತ ನಿರ್ಮಾಪಕರ ಪರಿಚಯವಾಯಿತು. 1975ರ 'ಲವ್ ಟು ಲವ್ ಯು ಬೇಬಿ' ಮೊದಲು ಸಾಧಾರಣ ಉದ್ದದ ಹಾಡಾಗಿತ್ತು. ಕಾಸಾಬ್ಲಾಂಕಾ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿಯ ನೀಲ್ ಬೋಗಾರ್ಟ್ ಅದನ್ನು ಹಿಗ್ಗಿಸಿ ಕೊಡಿ ಎಂದರು. ಸುಮಾರು 17 ನಿಮಿಷಗಳ ಆ ಹಾಡು ಎಲ್‌ಪಿಯ, ಅಂದರೆ ದೊಡ್ಡ ಗಾನತಟ್ಟೆಯ, ಒಂದು ಬದಿಯನ್ನು ಪೂರ್ತಿ ಆವರಿಸಿತು. ರೇಡಿಯೊಗೆ ಇದು ತಲೆನೋವು, ಕುಣಿಯುವವರಿಗೆ ಹಬ್ಬ. ಮೂರು ನಿಮಿಷಕ್ಕೆ ಮುಗಿಯುವ ಹಾಡಿನಲ್ಲಿ ಮೈ ಬಿಸಿಯಾಗುವಷ್ಟರಲ್ಲಿ ಸೂಜಿ ಎತ್ತಿರುತ್ತಾರಲ್ಲ!

[ಮೂಗ್ ಯಂತ್ರದ ಸಮೀಪ ದೃಶ್ಯ: ತಂತಿಗಳು, ತಿರುಗಣಿಗಳು.]

ಮತ್ತೆ 'ಐ ಫೀಲ್ ಲವ್'ಗೆ ಬರೋಣ. ಆಗಿನ ಮೂಗ್ ಯಂತ್ರಕ್ಕೆ ಶ್ರುತಿ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತು ಧ್ವನಿಮುದ್ರಿಸಿ, ನಿಲ್ಲಿಸಿ, ಶ್ರುತಿ ಸರಿಪಡಿಸಿ ಮುಂದುವರಿಯಬೇಕಿತ್ತು. ತಗ್ಗು ಸ್ಥಾಯಿಯ ನಾದವಾದ ಬೇಸ್‌ನ ಪ್ರತಿ ಸ್ವರವನ್ನೂ ಕೂದಲೆಳೆಯಷ್ಟು ತಡಮಾಡಿ ಮರುನುಡಿಸಿ, ಮೂಲವನ್ನು ಒಂದು ಕಡೆಯ ಸ್ಪೀಕರ್‌ಗೂ ಪ್ರತಿಧ್ವನಿಯನ್ನು ಇನ್ನೊಂದು ಕಡೆಗೂ ಕಳುಹಿಸಿದರು. ಹೆಡ್‌ಫೋನ್‌ನ ಒಂದು ಬದಿಯನ್ನು ಕಿವಿಯಿಂದ ತೆಗೆದು ನೋಡಿ, ಓಡುತ್ತಿದ್ದ ತಾಳ ಸಟ್ಟನೆ ಅರ್ಧಕ್ಕಿಳಿಯುತ್ತದೆ. ಡ್ರಮ್ ಮಾತ್ರ ಕೀತ್ ಫೋರ್ಸಿ ಎಂಬ ಮನುಷ್ಯನೇ ಬಾರಿಸಿದ್ದು. ಯಂತ್ರದಿಂದ ಆ ಗುದ್ದು ಬರಲಿಲ್ಲ.

ಇಷ್ಟೆಲ್ಲ ಯಂತ್ರವಿದ್ದೂ ಹಾಡು ತಣ್ಣಗಾಗದಿರುವುದು ಸಮ್ಮರ್ ದನಿಯಿಂದ. ಚರ್ಚ್ ಗಾಯನದ ತುಂಬು ಗಂಟಲನ್ನು ಅವರು ಇಲ್ಲಿ ಬಚ್ಚಿಟ್ಟರು. ಉಸಿರು ಬೆರೆತ ಎತ್ತರದ ಸ್ವರದಲ್ಲಿ, ತಾಳವನ್ನು ಬೆನ್ನಟ್ಟದೆ, ಅದರ ಮೇಲೆ ತೇಲುತ್ತಾ ಹಾಡಿದರು. ಬರ್ಲಿನ್‌ನಲ್ಲಿ ಧ್ವನಿಮುದ್ರಣದಲ್ಲಿದ್ದ ರಾಕ್ ಗಾಯಕ ಡೇವಿಡ್ ಬೋವಿಯ ಬಳಿಗೆ ಸಂಗೀತಗಾರ ಬ್ರಯಾನ್ ಈನೊ ಈ ಗಾನತಟ್ಟೆ ಹಿಡಿದು ಓಡಿಬಂದು, ಭವಿಷ್ಯದ ಧ್ವನಿ ಸಿಕ್ಕಿತು ಎಂದರಂತೆ.

[ಕನ್ನಡಿ ಚೆಂಡು, ಬೆಳಕಿನ ಚುಕ್ಕೆಗಳು.]

ಆದರೆ ಅಂದು ಕುಣಿದವರನ್ನು ಕೇಳಿದರೆ ಹಲವರು ಮೊದಲು ಹೇಳುವ ಹೆಸರು 'ಲಾಸ್ಟ್ ಡಾನ್ಸ್', 1978ರದು. ಪಾಲ್ ಜಬಾರಾ ಬರೆದ ಈ ಹಾಡಿಗೆ ಆಸ್ಕರ್ ಬಂತು. ಶುರುವಾಗುವುದು ವಿಳಂಬದಲ್ಲಿ, ಜೋಡಿಗಳು ಹತ್ತಿರವಾಗುತ್ತವೆ, ಒಂಟಿಯಾಗಿ ನಿಂತವರು ಆಚೀಚೆ ನೋಡುತ್ತಾರೆ. ಆಮೇಲೆ ತಾಳ ಧುಮುಕುತ್ತದೆ. ಎಷ್ಟೋ ಡಿಸ್ಕೊ ಕ್ಲಬ್‌ಗಳಲ್ಲಿ ರಾತ್ರಿಯ ಕಟ್ಟಕಡೆಯ ಹಾಡು ಇದೇ. ಸಾಹಿತ್ಯ ಮರೆತವರಿಗೂ ಆ ತಾಳ ಬದಲಾಗುವ ಕ್ಷಣ ನೆನಪಿರುತ್ತದೆ, ಏಕೆಂದರೆ ಅದನ್ನು ನೆನಪಿಟ್ಟಿರುವುದು ಕಾಲುಗಳು.

1979ರಲ್ಲಿ 'ಹಾಟ್ ಸ್ಟಫ್', 'ಬ್ಯಾಡ್ ಗರ್ಲ್ಸ್' ಬಂದವು. 'ಹಾಟ್ ಸ್ಟಫ್'ಗೆ ಸಿಕ್ಕ ಗ್ರ್ಯಾಮಿ ರಾಕ್ ಗಾಯನಕ್ಕೆ, ಡಿಸ್ಕೊಗಲ್ಲ! ಅದೇ ವರ್ಷದ ಜುಲೈ 12ರಂದು ಶಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ದ್ವೇಷಿಗಳು ಡಿಸ್ಕೊ ತಟ್ಟೆಗಳನ್ನು ರಾಶಿಹಾಕಿ ಸಿಡಿಸಿದರು. ಅದು ಬರೀ ಸಂಗೀತದ ಜಗಳವಾಗಿರಲಿಲ್ಲ. ಡಿಸ್ಕೊ ಬೆಳೆದದ್ದು ಕಪ್ಪು, ಲ್ಯಾಟಿನೊ ಮತ್ತು ಸಲಿಂಗಿ ಜನರ ಕ್ಲಬ್‌ಗಳಲ್ಲಿ ಎಂಬುದನ್ನು ಬಿಟ್ಟು ಆ ಸಿಟ್ಟನ್ನು ವಿವರಿಸಲಾಗದು.

ಸಮ್ಮರ್ ನಿಲ್ಲಲಿಲ್ಲ. 1983ರಲ್ಲಿ 'ಶೀ ವರ್ಕ್ಸ್ ಹಾರ್ಡ್ ಫಾರ್ ದ ಮನಿ' ಗೆದ್ದಿತು. 'ಡಿಸ್ಕೊ ರಾಣಿ' ಪಟ್ಟ ಮಾತ್ರ ಬೆನ್ನು ಬಿಡಲಿಲ್ಲ. ನನ್ನ ಪ್ರಕಾರ ಅದು ಅವರ ಗಂಟಲಿಗೆ ಚಿಕ್ಕದಾದ ಪಟ್ಟ. 2012ರ ಮೇ 17ರಂದು ತೀರಿಕೊಂಡರು. ಸಂಗೀತಗಾರರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರಿಗೆ ಬಾಗಿಲು ತೆರೆದದ್ದು ಮರುವರ್ಷ.

[ತಿರುಗುವ ತಟ್ಟೆಯ ಮೇಲೆ ಸೂಜಿ.]

ಕೇಳಲು ಹೊರಟವರಿಗೆ ಒಂದು ಸಲಹೆ: 'ಲಾಸ್ಟ್ ಡಾನ್ಸ್' ಎಂಟು ನಿಮಿಷದ್ದನ್ನೇ ಹುಡುಕಿ. ಚಿಕ್ಕ ತಟ್ಟೆಗಾಗಿ ಕತ್ತರಿಸಿದ್ದರಲ್ಲಿ, ನಡುವೆ ತಾಳ ಮತ್ತೊಮ್ಮೆ ನಿಧಾನವಾಗುವ ಭಾಗವೇ ಇಲ್ಲ.