ಹೆಗ್ಗಣದ ಇಂಗ್ಲಿಷ್ ಹೆಸರು ಎಲ್ಲಿಂದ ಹೋಯಿತು?

ಎಲ್ಲರಿಗೂ ಶರಣು ಶರಣಾರ್ಥಿ.

ಪ್ರಾಣಿಗಳ ಹೆಸರಿನ ಬಗ್ಗೆ ಮಾತಾಡಲು ಕಲಬುರಗಿಯಂಥ ಊರು ಸಿಗುವುದು ಕಷ್ಟ. ಇಲ್ಲಿ ಒಂದು ಬೆಕ್ಕು ಅಡ್ಡ ಬಂದರೆ ಸಾಕು. ದಖನಿ ಮಾತಾಡುವವರಿಗೆ ಅದು ಬಿಲ್ಲಿ, ಸೇಡಂ ಕಡೆಯ ತೆಲುಗು ಮನೆಗಳಲ್ಲಿ ಪಿಲ್ಲಿ, ಆಳಂದ ಕಡೆಯ ಮರಾಠಿಯವರಿಗೆ ಮಾಂಜರ. ಈ ಮಾಂಜರ ಸಂಸ್ಕೃತದ ಮಾರ್ಜಾರದಿಂದ ಬಂದದ್ದು. ಅದರ ಧಾತುವಿಗೆ ಒರೆಸು, ಶುಚಿ ಮಾಡು ಅಂತ ಅರ್ಥ. ಹೊತ್ತೆಲ್ಲ ಮೈ ನೆಕ್ಕುತ್ತಾ ಕೂರುತ್ತದೆ, ಅಲ್ವಾ? ಹೆಸರಿಟ್ಟವರು ಚೆನ್ನಾಗಿ ನೋಡಿದ್ದಾರೆ.

ನನ್ನ ಮಾತು ಇಷ್ಟೇ: ಹೆಸರು ಪ್ರಾಣಿಗಿಂತ ಹೆಸರಿಟ್ಟವರ ಬಗ್ಗೆ ಜಾಸ್ತಿ ಹೇಳುತ್ತದೆ. ಕತ್ತೆಕಿರುಬವನ್ನೇ ನೋಡಿ. ನಮ್ಮವರಿಗೆ ಅದರಲ್ಲಿ ಕತ್ತೆ ಕಂಡಿತು. ಗ್ರೀಕರಿಗೆ ಹಂದಿ ಕಂಡಿತು. ಹೈನಾ ಅನ್ನುವ ಹೆಸರು ಅವರ ಭಾಷೆಯ ಹಂದಿಯಿಂದಲೇ ಹುಟ್ಟಿದ್ದು. ಬೆನ್ನ ಮೇಲಿನ ಒರಟು ಕೂದಲು ನೋಡಿ ಹಾಗಂದಿರಬೇಕು.

ಹಂದಿ ಅಂದೆನಲ್ಲ, ಮಳಖೇಡಕ್ಕೆ ಹೋಗೋಣ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ಅಲ್ಲಿಂದ ಆಳುತ್ತಿದ್ದಾಗ ಕನ್ನಡದಲ್ಲಿ ಹಂದಿ ಇರಲಿಲ್ಲ, ಪಂದಿ ಇತ್ತು. ಹುಲಿ ಪುಲಿಯಾಗಿತ್ತು, ಹಾವು ಪಾವಾಗಿತ್ತು. ಆಮೇಲೆ ನಮ್ಮ ಪಕಾರ ಹಕಾರವಾಯಿತು. ತೆಲುಗಿನವರು ಪಕಾರ ಬಿಡಲಿಲ್ಲ, ಅವರಿಗೆ ಇವತ್ತಿಗೂ ಪಂದಿಯೇ. ಹೆಗ್ಗಣಕ್ಕೆ ಅವರು ಪಂದಿಕೊಕ್ಕು ಅನ್ನುತ್ತಾರೆ, ಅಂದರೆ ಹಂದಿಯಿಲಿ. ಗುರುಮಠಕಲ್ ದಾಟಿದರೆ ಕಿವಿಗೆ ಬೀಳುವ ಈ ಹೆಸರೇ ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆಯಿತು. ಅವರು ಅದನ್ನು ಆಸ್ಟ್ರೇಲಿಯಾಕ್ಕೂ ಒಯ್ದು, ಇಲಿಯ ಜಾತಿಯೇ ಅಲ್ಲದ, ಹೊಟ್ಟೆಚೀಲದಲ್ಲಿ ಮರಿ ಸಾಕುವ ಒಂದು ಪ್ರಾಣಿಗೆ ಅಂಟಿಸಿದರು. ಪಾಪ, ಆ ಪ್ರಾಣಿಗೆ ಹಂದಿಯೂ ಗೊತ್ತಿಲ್ಲ, ತೆಲುಗೂ ಗೊತ್ತಿಲ್ಲ! ಇತ್ತ ಭಾಲ್ಕಿ, ಔರಾದ ಕಡೆ ಕೇಳುವ ಮರಾಠಿಯ ಮುಂಗೂಸವೂ ಹೀಗೇ ಇಂಗ್ಲಿಷಿಗೆ ಹೋಗಿ ಮಾಂಗೂಸ್ ಆಯಿತು. ನಮ್ಮ ಮುಂಗುಸಿ ಅದರದೇ ಬಳಗ.

ಪುಲಿ ಬಗ್ಗೆ ಒಂದು ಮಾತು. ಕೇರಳದಲ್ಲಿ ಪುಲಿ ಅಂದರೆ ಚಿರತೆ. ಹುಲಿಗೆ ಅಲ್ಲಿ ಕಡುವ ಅನ್ನುತ್ತಾರೆ.

ಇನ್ನು ಭಯದ ವಿಷಯ. ರಾತ್ರಿ ಹಾವಿನ ಹೆಸರು ಎತ್ತಬಾರದು ಅಂತ ಮನೆಯಲ್ಲಿ ಅಜ್ಜಿಯರು ಹೇಳಿದ್ದನ್ನು ನೀವೂ ಕೇಳಿರುತ್ತೀರಿ. ಹಾವು ಕಚ್ಚಿದರೂ 'ಹುಳ ಮುಟ್ಟಿತು' ಅನ್ನುತ್ತಾರೆ. ಮರಾಠಿ ಹಳ್ಳಿಗಳಲ್ಲಿ 'ಪಾನ ಲಾಗಲಂ', ಅಂದರೆ ಎಲೆ ತಗುಲಿತು ಅನ್ನುವುದುಂಟು. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಅನ್ನುವ ಅಂಜಿಕೆ. ಇದು ಸುಮ್ನೆ ನಮ್ಮ ಕಡೆಯ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಉತ್ತರ ಯುರೋಪಿನವರು ಕರಡಿಗೆ ಇದೇ ರೀತಿ ಹೆದರಿದ್ದರು. ರಷ್ಯನ್ನರು ಅದಕ್ಕೆ ಮೆದ್ವೇದ್ ಅಂದರು, ಜೇನು ತಿನ್ನುವವನು ಅಂತ. ಅದರಲ್ಲಿರುವ ಮೆದ್ ನಮ್ಮ 'ಮಧು'ವಿನ ನೆಂಟ. ಇಂಗ್ಲಿಷಿನ ಬೇರ್‌ಗೆ ಕಂದು ಬಣ್ಣದವನು ಅನ್ನುವುದೇ ಮೂಲ ಅರ್ಥ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅಡ್ಡಹೆಸರು ಕರೆದೂ ಕರೆದೂ ಅವರಲ್ಲಿ ನಿಜವಾದ ಹೆಸರೇ ಮರೆತುಹೋಯಿತು.

ಆ ಹಳೆಯ ಹೆಸರು ಉಳಿದದ್ದು ಬೇರೆ ಕಡೆ. ಸಂಸ್ಕೃತದಲ್ಲಿ ಋಕ್ಷ, ಗ್ರೀಕಿನಲ್ಲಿ ಆರ್ಕ್ಟೋಸ್. ನಾವು ಸಪ್ತರ್ಷಿ ಮಂಡಲ ಅನ್ನುವ ನಕ್ಷತ್ರಗಳನ್ನು ಗ್ರೀಕರು ಕರಡಿ ಅಂದರು. ಆ ಕರಡಿಯ ಕೆಳಗಿನ ಉತ್ತರದ ಸೀಮೆ ಆರ್ಕ್ಟಿಕ್ ಆಯಿತು. ಅದಕ್ಕೆ ಎದುರಾಗಿ ದಕ್ಷಿಣದ ತುದಿಯಲ್ಲಿ ಇರುವುದರಿಂದ ಅಂಟಾರ್ಕ್ಟಿಕಾ. ಅಲ್ಲಿ ನೋಡಿದರೆ ಒಂದೇ ಒಂದು ಕರಡಿಯೂ ಇಲ್ಲ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.